ಗೆರಟೆಯ ಓಲೆ ಮತ್ತು ನನ್ನ ಗಂಟೆಗಳ ಲೆಕ್ಕ

ಒಂದು ಜೋಡಿ ಕಿವಿಯ ಓಲೆ ಸರಿಯಾಗಿ ಬರುವ ಮೊದಲು ನನ್ನ ಕೈಯಲ್ಲಿ ಹದಿನೇಳು ಗೆರಟೆ, ಅಂದರೆ ತೆಂಗಿನ ಚಿಪ್ಪು, ಒಡೆದಿವೆ. ಸಂಖ್ಯೆ ಇಷ್ಟು ಸರಿಯಾಗಿ ನೆನಪಿರುವುದು ಯಾಕೆಂದರೆ ಒಡೆದದ್ದನ್ನೆಲ್ಲ ಒಂದು ಗೋಣಿಗೆ ಹಾಕಿ ಬಚ್ಚಲ ಒಲೆಯ ಪಕ್ಕ ಇಡುತ್ತಿದ್ದೆ, ಮತ್ತು ಅತ್ತೆ ಪ್ರತಿ ಸಲ ಒಲೆಗೆ ಹಾಕುವಾಗ "ಇದು ಎಷ್ಟನೆಯದು?" ಅಂತ ಕೇಳುತ್ತಿದ್ದರು.

ನಮ್ಮ ಮನೆ ಕಾಸರಗೋಡು ಜಿಲ್ಲೆಯಲ್ಲಿ, ನೀರ್ಚಾಲು ಹತ್ತಿರ. ಬದಿಯಡ್ಕದಿಂದ ಕುಂಬಳೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಸ್ವಲ್ಪ ಅಡಿಕೆ ತೋಟ ಉಂಟು, ಇಪ್ಪತ್ತೆಂಟು ತೆಂಗಿನ ಮರ ಉಂಟು. ಎಣ್ಣೆಗೆ ಬೇಕಾದ ಕೊಪ್ಪರವನ್ನು ಅಂಗಳದಲ್ಲೇ ಒಣಗಿಸುತ್ತೇವೆ. ಹಾಗಾಗಿ ಗೆರಟೆ ಅಂದರೆ ನಮಗೆ ಸ್ನಾನದ ನೀರು ಕಾಯಿಸುವ ಸೌದೆ, ಅಷ್ಟೇ. ತೆಂಗಿನ ಬಗ್ಗೆ ಸಂಶೋಧನೆ ಮಾಡಲು 1916ರಲ್ಲೇ ಕಾಸರಗೋಡಿನಲ್ಲಿ ಕೇಂದ್ರ ಶುರುವಾಗಿದೆ, ಈಗಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅದರಿಂದಲೇ ಬೆಳೆದದ್ದು. ಅಂಥ ಊರಿನಲ್ಲಿ ಹುಟ್ಟಿದರೂ ಗೆರಟೆಯನ್ನು ಕೈಯಲ್ಲಿ ಹಿಡಿದು ಸರಿಯಾಗಿ ನೋಡಿದ್ದು ನನಗೆ ಮೂವತ್ತಾರು ವರ್ಷ ಆದಮೇಲೆ.

2021ರಲ್ಲಿ ನನ್ನ ಕೆಲಸ ಹೋಗಿತ್ತು. ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಕೊರೋನಾ ಸಮಯದಲ್ಲಿ ಅವರು ಅರ್ಧ ಸಂಬಳ ಅಂದರು, ಆಮೇಲೆ ಅದೂ ಇಲ್ಲ ಅಂದರು. ಮನೆಯಲ್ಲಿ ಕೂತಿದ್ದಾಗ ಒಂದು ದಿನ ನಮ್ಮವರ ಕುರ್ತಾದ ಗುಂಡಿ ಹೊಲಿಯುತ್ತಿದ್ದೆ. ಕಂದು ಬಣ್ಣ, ಮಧ್ಯೆ ಸಣ್ಣ ಸಣ್ಣ ಗೆರೆ, ತುಂಬ ನುಣುಪು. ಉಗುರಿನಿಂದ ಕೆರೆದು ನೋಡಿದೆ, ಮೂಗಿನ ಹತ್ತಿರ ಹಿಡಿದು ನೋಡಿದೆ. ಗೆರಟೆ! ಇಷ್ಟು ಚಂದ ಆಗುವ ವಸ್ತುವನ್ನು ನಾವು ದಿನಾ ಬೆಳಗ್ಗೆ ಸುಡುತ್ತಿದ್ದೇವಲ್ಲ ಅಂತ ಅನಿಸಿತು. ಶುರುವಾದದ್ದು ಹೀಗೆ.

ಮೊದಲ ತಿಂಗಳು ಎಲ್ಲವನ್ನೂ ತಪ್ಪು ಮಾಡಿದೆ. ತಿಂಡಿಗೆ ತುರಿದ ತೆಂಗಿನಕಾಯಿಯ ಗೆರಟೆ ತೆಗೆದುಕೊಂಡು, ತೊಳೆದು, ಬಿಸಿಲಿಗಿಟ್ಟು, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಲು ಹೋದೆ. ಬಿಸಿಲಿಗೆ ಬಿರುಕು ಬಿಟ್ಟಿತು. ಬಿರುಕು ಬಿಡದೆ ಉಳಿದದ್ದು ಬ್ಲೇಡಿನ ಒತ್ತಡಕ್ಕೆ ಒಡೆಯಿತು. ಅದೂ ಒಡೆಯದಿದ್ದರೆ ಕೊನೆಗೆ ಕೊಂಡಿ ಹಾಕಲು ತೂತು ಕೊರೆಯುವಾಗ ಅಂಚು ಹಾರಿಹೋಗುತ್ತಿತ್ತು. ಎರಡು ಗಂಟೆ ಉಜ್ಜಿ ಉಜ್ಜಿ ನುಣುಪು ಮಾಡಿದ ತುಂಡು ಕೊನೆಯ ನಿಮಿಷದಲ್ಲಿ ಎರಡಾಗುವಾಗ ಆಗುವ ಸಂಕಟ ಹೇಳಲು ಆಗುವುದಿಲ್ಲ.

ನನಗೆ ಗುರು ಸಿಕ್ಕಿದ್ದು ಚಿನ್ನದ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯರು. ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದರು, ಯಂತ್ರದ ಒಡವೆ ಬಂದಮೇಲೆ ಕೈಕೆಲಸಕ್ಕೆ ಜನ ಬರುವುದು ನಿಂತಿತ್ತು. ನಾನು ಗೆರಟೆ ತೋರಿಸಿದಾಗ ಅವರು, "ನಮಗೆ ಇದು ಹಳೆ ಪರಿಚಯ. ಇದರ ಇದ್ದಲಿನಲ್ಲೇ ಚಿನ್ನ ಕರಗಿಸಿದ್ದು. ಇದನ್ನೇ ಒಡವೆ ಮಾಡುವುದು ಅಂತ ಯಾರೂ ಕೇಳಿರಲಿಲ್ಲ" ಅಂದರು. ಅವರ ಹಳೆಯ ಗರಗಸದ ಚೌಕಟ್ಟು ಕೊಟ್ಟರು. ಕೂದಲಿನ ಹಾಗೆ ಸಪೂರ ಬ್ಲೇಡು ಅದಕ್ಕೆ. ಹಲ್ಲು ಕೆಳಗೆ, ಹಿಡಿಯ ಕಡೆಗೆ ಮುಖ ಮಾಡಿರಬೇಕು, ಕೊಯ್ಯುವುದು ಕೆಳಗೆ ಎಳೆಯುವಾಗ ಮಾತ್ರ. ಬ್ಲೇಡು ಬಿಗಿದಮೇಲೆ ಬೆರಳಿನಿಂದ ಮೀಟಿದರೆ ತಂಬೂರಿಯ ತಂತಿಯ ಹಾಗೆ ಟಿಂಯ್ ಅನ್ನಬೇಕು, ಸಡಿಲ ಇದ್ದರೆ ಅರ್ಧ ನಿಮಿಷದಲ್ಲಿ ತುಂಡಾಗುತ್ತದೆ. ಬ್ಲೇಡಿಗೆ ಆಗಾಗ ಜೇನುಮೇಣ ಸವರಬೇಕು. ಮೇಜಿನ ಅಂಚಿಗೆ ಒಂದು ಹಲಗೆ ಬಿಗಿದು ಅದರಲ್ಲಿ ವಿ ಆಕಾರದ ಕಚ್ಚು ಮಾಡಿ, ತುಂಡನ್ನು ಅದರ ಮೇಲೆ ಒತ್ತಿ ಹಿಡಿದು ಕೊಯ್ಯಬೇಕು. ಕೈಯಲ್ಲಿ ಎತ್ತಿ ಹಿಡಿದು ಕೊಯ್ಯುವುದೇ ಅಲ್ಲ.

ಅವರು ಹೇಳಿಕೊಟ್ಟ ಇನ್ನೊಂದು ವಿಷಯ ನನ್ನ ಅರ್ಧ ನಷ್ಟ ನಿಲ್ಲಿಸಿತು. ತೂತು ಕೊನೆಗಲ್ಲ, ಮೊದಲಿಗೆ. ಗೆರಟೆ ಇನ್ನೂ ದೊಡ್ಡ ತುಂಡಾಗಿರುವಾಗಲೇ, ಸುತ್ತ ಬೇಕಾದಷ್ಟು ಜಾಗ ಇರುವಾಗಲೇ, 1 ಮಿಲಿಮೀಟರಿನ ಡ್ರಿಲ್ ಬಿಟ್ಟಿನಿಂದ ತೂತು ಕೊರೆಯಬೇಕು. ಆಮೇಲೆ ಆ ತೂತನ್ನು ಹಿಡಿದುಕೊಂಡು ಸುತ್ತ ಆಕಾರ ಬರೆದು ಕೊಯ್ಯಬೇಕು. ತೂತು ಕೊರೆಯುವಾಗ ಒಡೆದರೆ ಒಡೆಯಲಿ, ಆಗ ನಮ್ಮ ಶ್ರಮ ಇನ್ನೂ ಅದರ ಮೇಲೆ ಬಿದ್ದಿರುವುದಿಲ್ಲ ಅಲ್ವಾ.

ಗೆರಟೆ ಆರಿಸುವುದನ್ನು ನಾನೇ ಕಲಿತೆ, ಅದು ಯಾರೂ ಹೇಳಿಕೊಡುವಂಥದ್ದಲ್ಲ. ಎಳೆಯ ಕಾಯಿಯದ್ದು ಆಗುವುದಿಲ್ಲ, ಬಣ್ಣ ಬಿಳಿಚಿಕೊಂಡಿರುತ್ತದೆ, ತೆಳು. ಚೆನ್ನಾಗಿ ಬಲಿತು, ಅಟ್ಟದಲ್ಲಿ ಕೂತು ನೀರು ಆರಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನುವ ಕಾಯಿ ಉಂಟಲ್ಲ, ಅದರ ಗೆರಟೆ ಎಲ್ಲಕ್ಕಿಂತ ಒಳ್ಳೆಯದು. ಬಿಸಿಲು ತಾಗದೆ ನಿಧಾನ ಒಣಗಿರುತ್ತದೆ, ಬಿರುಕು ಬಿಡುವುದಿಲ್ಲ, ಬಣ್ಣ ಕಪ್ಪು ಕಾಫಿಯಷ್ಟು ಗಾಢ. ಕಣ್ಣು ಇರುವ ಕಡೆ ದಪ್ಪ ಜಾಸ್ತಿ, ಅಲ್ಲಿ ಪದಕ ಮಾಡಬಹುದು. ಓಲೆಗೆ ಹೊಟ್ಟೆಯ ಭಾಗ. ಗೆರಟೆ ಗುಂಡಗೆ ಇರುವುದರಿಂದ ಎಷ್ಟು ದೊಡ್ಡ ತುಂಡು ತೆಗೆಯುತ್ತೇವೋ ಅಷ್ಟು ಬಾಗು ಕಾಣುತ್ತದೆ. ಅದನ್ನು ಚಪ್ಪಟೆ ಮಾಡಲು ಹೋಗಬಾರದು. ಆ ಬಾಗನ್ನೇ ಚಂದ ಮಾಡಬೇಕು. ಎಡ ಕಿವಿಗೂ ಬಲ ಕಿವಿಗೂ ಒಂದೇ ಗೆರಟೆಯ ಅಕ್ಕಪಕ್ಕದ ತುಂಡು ಬೇಕು, ಇಲ್ಲದಿದ್ದರೆ ಜೋಡಿ ಜೋಡಿಯ ಹಾಗೆ ಕಾಣುವುದೇ ಇಲ್ಲ.

ಆಮೇಲೆ ಉಜ್ಜುವುದು. ಮೇಲಿನ ನಾರನ್ನು ಚಾಕುವಿನಿಂದ ಕೆರೆದು, 80ರ ಉಪ್ಪುಕಾಗದ, ಆಮೇಲೆ 120, 220, 400, ಕೊನೆಗೆ 1000ದ ವಾಟರ್ ಪೇಪರ್ ನೀರಿನಲ್ಲಿ ಅದ್ದಿ. ಸಂಖ್ಯೆ ದೊಡ್ಡದಾದಷ್ಟು ಕಾಗದ ನುಣುಪು. ಒಂದನ್ನು ಹಾರಿಸಿದರೂ ಹಿಂದಿನದರ ಗೀರು ಉಳಿಯುತ್ತದೆ, ಎಣ್ಣೆ ಹಾಕಿದಾಗ ಎದ್ದು ಕಾಣುತ್ತದೆ. ಇಲ್ಲಿ ಒಂದು ಮಾತು ಕೈಮುಗಿದು ಹೇಳುತ್ತೇನೆ, ಈ ಕೆಲಸ ಶುರು ಮಾಡುವವರು ಮೊದಲು ಮಾಸ್ಕ್ ತೆಗೆದುಕೊಳ್ಳಿ, ಗರಗಸ ಆಮೇಲೆ. ಗೆರಟೆಯ ಪುಡಿ ಗೋಧಿ ಹಿಟ್ಟಿಗಿಂತ ಸಣ್ಣ. ನಾನು ಮೊದಲ ಮೂರು ತಿಂಗಳು ಬಾಯಿಗೆ ಸುಮ್ನೆ ಒಂದು ಶಾಲು ಸುತ್ತಿಕೊಂಡು ಅಡುಗೆಮನೆ ಪಕ್ಕದ ಕೋಣೆಯಲ್ಲಿ ಉಜ್ಜಿದೆ, ಮಳೆಗಾಲ ಅಲ್ವಾ, ಹೊರಗೆ ಕೂರಲು ಆಗುತ್ತಿರಲಿಲ್ಲ. ಕೆಮ್ಮು ಹಿಡಿಯಿತು. ಮಗಳಿಗೂ ಹಿಡಿಯಿತು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಕುಟುಕುತ್ತದೆ. ಈಗ ಎನ್95 ಮಾಸ್ಕ್, ಹೊರಗಿನ ಜಗಲಿ, ಪಕ್ಕದಲ್ಲಿ ನೀರಿನ ಬೋಗುಣಿ. ಎಷ್ಟು ಆಗುತ್ತದೋ ಅಷ್ಟು ಒದ್ದೆಯಲ್ಲೇ ಉಜ್ಜುತ್ತೇನೆ.

ಹೊಳಪಿಗೆ ತೆಂಗಿನೆಣ್ಣೆ. ಬಟ್ಟೆಯಲ್ಲಿ ಎರಡು ಹನಿ ಹಾಕಿ ಉಜ್ಜಿದರೆ ಗೆರಟೆ ಒಳಗಿನಿಂದ ದೀಪ ಹಚ್ಚಿದ ಹಾಗೆ ಬರುತ್ತದೆ. ತೆಂಗಿನ ಮೈಗೆ ತೆಂಗಿನದ್ದೇ ಎಣ್ಣೆ ಅಂತ ನನಗೆ ತುಂಬ ಖುಷಿ ಇತ್ತು. 2022ರ ಓಣಂಗೆ ಇಪ್ಪತ್ತು ಸರ ಮಾಡಿದೆ. ಇಲ್ಲಿ ಓಣಂ ಅಂದರೆ ಎಲ್ಲರೂ ಕಸವು ಸೀರೆ ಉಡುತ್ತಾರೆ, ಕೆನೆ ಬಣ್ಣ, ಚಿನ್ನದ ಅಂಚು, ಅದರ ಮೇಲೆ ಕಂದು ಗೆರಟೆಯ ಸರ ಎಷ್ಟು ಚಂದ ಕಾಣುತ್ತದೆ ಗೊತ್ತಾ. ಎಲ್ಲ ಮಾರಿಹೋಯಿತು. ಓಣಂ ಮರುದಿನ ಒಬ್ಬ ಟೀಚರ್ ಫೋಟೋ ಕಳಿಸಿದರು. ಸೆರಗಿನ ಮೇಲೆ, ಸರ ತಾಗಿದ ಕಡೆಯೆಲ್ಲ, ಎಣ್ಣೆಯ ಕಲೆ. ಒಟ್ಟು ನಾಲ್ಕು ಜನರ ಸೀರೆಗೆ ಹಾಗೆ ಆಗಿತ್ತು. ನಾಲ್ವರ ಮನೆಗೂ ಹೋಗಿ ದುಡ್ಡು ವಾಪಸು ಕೊಟ್ಟು, ಸೀರೆ ತಂದು, ನಾನೇ ಅಂಟುವಾಳ ಕಾಯಿ ಹಾಕಿ ತೊಳೆದುಕೊಟ್ಟೆ. ಮೂರರ ಕಲೆ ಹೋಯಿತು. ಒಂದರದ್ದು ಹೋಗಲಿಲ್ಲ, ಅದಕ್ಕೆ ಬದಲು ಸೀರೆ ಕೊಡಿಸಿದೆ. ಕಾರಣ ಆಮೇಲೆ ಗೊತ್ತಾಯಿತು, ತೆಂಗಿನೆಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದ್ದಲ್ಲ. ಅಗಸೆ ಎಣ್ಣೆ ಒಣಗುತ್ತದೆ, ಇದು ಎಷ್ಟು ದಿನ ಇಟ್ಟರೂ ಎಣ್ಣೆಯೇ. ಈಗ ಎಣ್ಣೆ ಹೆಸರಿಗೆ ಮಾತ್ರ, ಒರೆಸಿ ಮೂರು ದಿನ ಬಿಟ್ಟು, ಮೇಲೆ ಜೇನುಮೇಣ ತಿಕ್ಕಿ, ಬಿಳಿ ಬಟ್ಟೆಯಲ್ಲಿ ಒಂದು ರಾತ್ರಿ ಸುತ್ತಿಟ್ಟು, ಬಟ್ಟೆಗೆ ಏನೂ ಹಿಡಿಯದಿದ್ದರೆ ಮಾತ್ರ ಕಳಿಸುತ್ತೇನೆ.

ಕಿವಿ ಕೊಂಡಿಯ ಕಥೆ ಇನ್ನೊಂದು. ಮಂಗಳೂರಿನಿಂದ ಸಗಟು ದರದಲ್ಲಿ ಬೆಳ್ಳಿ ಬಣ್ಣದ ಕೊಂಡಿ ತಂದಿದ್ದೆ, ಜೋಡಿಗೆ ಎರಡು ರೂಪಾಯಿ. ಓಲೆ ತೆಗೆದುಕೊಂಡ ಇಬ್ಬರಿಗೆ ಕಿವಿ ತುರಿಸಿ ನೀರು ಬರಲು ಶುರುವಾಯಿತು. ಅವರಲ್ಲಿ ಒಬ್ಬರು ಹೈಸ್ಕೂಲಿನ ರಸಾಯನ ವಿಜ್ಞಾನದ ಟೀಚರ್. ಸಿಟ್ಟು ಮಾಡುವ ಬದಲು ನನ್ನನ್ನು ಕರೆದು ಒಂದು ಪರೀಕ್ಷೆ ಮಾಡಿ ತೋರಿಸಿದರು. ಡೈಮೀಥೈಲ್ ಗ್ಲೈಆಕ್ಸೀಮ್ ಅಂತ ಒಂದು ದ್ರಾವಣ, ಜೊತೆಗೆ ಎರಡು ಹನಿ ಅಮೋನಿಯಾ, ಹತ್ತಿಗೆ ಹಾಕಿ ಕೊಂಡಿಯನ್ನು ಉಜ್ಜಿದರು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಅಂದರೆ ಅದರಿಂದ ನಿಕ್ಕಲ್ ಬಿಡುತ್ತಿದೆ ಅಂತ ಅರ್ಥ. ಲೋಹಗಳಲ್ಲಿ ಜನರಿಗೆ ಜಾಸ್ತಿ ಅಲರ್ಜಿ ಆಗುವುದೇ ನಿಕ್ಕಲಿನಿಂದ, ಬೆವರು ತಾಗಿದಾಗ ಅದು ಇನ್ನೂ ಬೇಗ ಬಿಡುತ್ತದೆ, ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಇಲ್ಲದ ದಿನ ಯಾವುದು? ಉಳಿದ ಮುನ್ನೂರು ಕೊಂಡಿಯನ್ನು ಯಾರಿಗೂ ಕೊಡದೆ ಕಟ್ಟಿಟ್ಟೆ. ಈಗ 92.5 ಬೆಳ್ಳಿಯ ತಂತಿ ತಂದು ನಾನೇ ಬಾಗಿಸುತ್ತೇನೆ. ಖರ್ಚು ಜಾಸ್ತಿ. ಆದರೆ ಒಬ್ಬರ ಕಿವಿಗೆ ಹಾಕುವ ವಸ್ತು ಅದು, ಅದರಲ್ಲಿ ಉಳಿತಾಯ ಮಾಡುವ ಹಕ್ಕು ನನಗಿಲ್ಲ.

ಗೆರಟೆಯ ಜೊತೆ ಕೆಂಪು ಬೇಕು ಅನಿಸಿದಾಗ ಮಂಜೊಟ್ಟಿ ಕಾಯಿ ಸೇರಿಸುತ್ತೇನೆ. ಮಲಯಾಳದಲ್ಲಿ ಮಂಜಾಡಿ ಅನ್ನುತ್ತಾರೆ, ಗುರುವಾಯೂರಿನ ದೇವಸ್ಥಾನದಲ್ಲಿ ಮಕ್ಕಳು ಉರುಳಿ ಪಾತ್ರೆಗೆ ಕೈಹಾಕಿ ಮೊಗೆದು ಆಡುತ್ತಾರಲ್ಲ, ಅದೇ. ಗಟ್ಟಿ ಕಾಯಿ, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ನಿಧಾನ ಕೊರೆಯಬೇಕು. ಗುಲಗಂಜಿ ಇನ್ನೂ ಚಂದ, ಕೆಂಪಿಗೆ ಕಪ್ಪು ಬೊಟ್ಟು, ಹಿಂದೆ ಅಕ್ಕಸಾಲಿಗಳು ಚಿನ್ನ ತೂಗಿದ್ದು ಅದರಲ್ಲೇ. ತುಂಬ ಜನ ಕೇಳುತ್ತಾರೆ. ಕೊಡುವುದಿಲ್ಲ. ಅದರೊಳಗೆ ಅಬ್ರಿನ್ ಅಂತ ವಿಷ ಇದೆ, ಸಿಪ್ಪೆ ಗಟ್ಟಿ ಇರುವವರೆಗೆ ಒಳಗೇ ಇರುತ್ತದೆ, ನಾವು ತೂತು ಕೊರೆದರೆ ದಾರಿ ಮಾಡಿಕೊಟ್ಟ ಹಾಗೆ. ಸರವನ್ನು ಬಾಯಿಗೆ ಹಾಕಿ ಚೀಪುವ ಮಕ್ಕಳು ಎಲ್ಲ ಮನೆಯಲ್ಲೂ ಇದ್ದಾರೆ.

ಇನ್ನು ಮಾರಾಟ. ಮಾಡುವುದು ಬೇರೆ ವಿದ್ಯೆ, ಮಾರುವುದು ಬೇರೆ ವಿದ್ಯೆ.

ಮೊದಲ ಓಲೆಗಳನ್ನು ನಾನು ಜೋಡಿಗೆ 80 ರೂಪಾಯಿಯಂತೆ ಮಾರಿದೆ. ಆ 80 ಎಲ್ಲಿಂದ ಬಂತು ಅಂದರೆ, ಮೊದಲ ಗಿರಾಕಿ "ಎಷ್ಟು?" ಅಂದಾಗ ನನಗೆ ನಾಚಿಕೆಯಾಯಿತು, 100 ಅನ್ನಲು ಬಾಯಿ ಬರಲಿಲ್ಲ. ಅಷ್ಟೇ ಅದರ ಹಿಂದಿನ ಲೆಕ್ಕ. ಅದಕ್ಕೂ ಅವರು "ಗೆರಟೆ ಅಲ್ವಾ, ಮನೆಯಲ್ಲೇ ಇರುವುದು, 50ಕ್ಕೆ ಕೊಡಿ" ಅಂದರು. ಗೆರಟೆ ಅಲ್ವಾ. ಈ ಎರಡು ಶಬ್ದ ನಾನು ಈ ನಾಲ್ಕು ವರ್ಷದಲ್ಲಿ ಕೇಳಿದಷ್ಟು ಇನ್ಯಾವುದನ್ನೂ ಕೇಳಿಲ್ಲ. ಕನ್ನಡದಲ್ಲಿ ಕೇಳಿದ್ದೇನೆ, ತುಳುವಿನಲ್ಲಿ ಕೇಳಿದ್ದೇನೆ, "ಚಿರಟ್ಟ ಅಲ್ಲೇ ಚೇಚಿ" ಅಂತ ಮಲಯಾಳದಲ್ಲೂ ಕೇಳಿದ್ದೇನೆ.

ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೋ ಹಾಕುತ್ತಿದ್ದೆ. ಅಡಿಕೆ ಹಾಳೆಯ ಒಳಮೈ ಮೇಲೆ ಇಟ್ಟು, ಬೆಳಗ್ಗೆ ಎಂಟರ ಒಳಗೆ, ಜಗಲಿಯ ನೆರಳಿನಲ್ಲಿ ತೆಗೆದರೆ ಬಣ್ಣ ಸರಿಯಾಗಿ ಬರುತ್ತದೆ. ಫ್ಲ್ಯಾಷ್ ಹಾಕಿದರೆ ಗೆರಟೆ ಪ್ಲಾಸ್ಟಿಕ್‌ನ ಹಾಗೆ ಕಾಣುತ್ತದೆ, ಹಾಕಬೇಡಿ. ಒಂದು ರೂಪಾಯಿ ನಾಣ್ಯ ಪಕ್ಕದಲ್ಲಿಡುತ್ತೇನೆ, ಅಳತೆ ಗೊತ್ತಾಗಲಿ ಅಂತ. ಬೆಲೆಯ ಚೀಟಿ ಕನ್ನಡ, ಮಲಯಾಳ ಎರಡರಲ್ಲೂ. ನಮ್ಮ ಊರಿನಲ್ಲಿ ಒಂದೇ ಭಾಷೆಯಲ್ಲಿ ಬರೆದರೆ ಅರ್ಧ ಗಿರಾಕಿಗಳು ಹೊರಗೇ ಉಳಿಯುತ್ತಾರೆ.

ಮಂಗಳೂರಿನ ಒಂದು ಅಂಗಡಿಯವರು ಇಟ್ಟುಕೊಳ್ಳುತ್ತೇವೆ ಅಂದರು. ಮಾರಿದಮೇಲೆ ದುಡ್ಡು, ನೂರಕ್ಕೆ ನಲವತ್ತು ಅವರಿಗೆ. ಮೂವತ್ತು ಜೋಡಿ ಕೊಟ್ಟೆ. ಬರಹದಲ್ಲಿ ಏನೂ ಇರಲಿಲ್ಲ. ಐದು ತಿಂಗಳಾದಮೇಲೆ ಹೋದಾಗ ಹನ್ನೊಂದು ಮಾರಿದೆ, ಆರು ಬೂಸ್ಟು ಹಿಡಿದಿದೆ, ಉಳಿದದ್ದು ಎಲ್ಲಿದೆಯೋ ನೋಡಬೇಕು ಅಂದರು. ಕುಂಬಳೆಗೆ ವಾಪಸು ಬರುವ ರೈಲಿನಲ್ಲಿ ಆ ಆರನ್ನು ಕರ್ಚೀಫಿನಿಂದ ಒರೆಸುತ್ತಾ ಕೂತಿದ್ದೆ. ಬೂಸ್ಟು ಹಿಡಿದದ್ದಕ್ಕೆ ಅವರನ್ನು ದೂರುವ ಹಾಗಿಲ್ಲ, ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಕಡೆ ಮುಚ್ಚಿಟ್ಟ ಡಬ್ಬಿಯಲ್ಲಿ ಗೆರಟೆಯೂ ನೂಲೂ ಬೂಸ್ಟು ಹಿಡಿಯುತ್ತದೆ. ಆದರೆ ಉಳಿದ ಹದಿಮೂರು ಇವತ್ತಿನವರೆಗೂ ಸಿಕ್ಕಿಲ್ಲ. ಅಂದಿನಿಂದ ಎರಡು ಪ್ರತಿಯಲ್ಲಿ ಚೀಟಿ ಬರೆದು ಸಹಿ ಹಾಕಿಸದೆ ಒಂದು ಓಲೆಯನ್ನೂ ಯಾರ ಅಂಗಡಿಯಲ್ಲೂ ಇಡುವುದಿಲ್ಲ.

ಗಡಿಯ ಜನರಿಗೆ ಇನ್ನೊಂದು ತೊಡಕು ಉಂಟು, ಇದನ್ನು ನಮ್ಮಲ್ಲಿ ತುಂಬ ಜನ ಗಮನಿಸುವುದಿಲ್ಲ. ನಮಗೆ ಮಂಗಳೂರು ಅಂದರೆ ಆಸ್ಪತ್ರೆ, ಬಟ್ಟೆ, ಮದುವೆ ಎಲ್ಲಕ್ಕೂ ಹೋಗುವ ಪೇಟೆ, ಆದರೆ ಕಾಗದದ ಲೆಕ್ಕದಲ್ಲಿ ತಲಪಾಡಿ ದಾಟಿದರೆ ಬೇರೆ ರಾಜ್ಯ. 2023ರ ಅಕ್ಟೋಬರಿನಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣವರೂ ಆನ್‌ಲೈನ್ ಮಾರಾಟ ತಾಣಗಳಲ್ಲಿ ಮಾರಬಹುದು ಅಂತ ಆಯಿತು, ಆದರೆ ತಮ್ಮ ರಾಜ್ಯದ ಒಳಗೆ ಮಾತ್ರ. ಅಂದರೆ ನಾನು ಐನೂರು ಚಿಲ್ಲರೆ ಕಿಲೋಮೀಟರ್ ದೂರದ ತಿರುವನಂತಪುರಕ್ಕೆ ಕಳಿಸಬಹುದು, ದಿನಾ ಬಸ್ಸು ಹೋಗುವ ಮಂಗಳೂರಿಗೆ ಆಗುವುದಿಲ್ಲ. ಲೆಕ್ಕಪತ್ರದ ಕೆಲಸ ಮಾಡುವ ನಮ್ಮ ಭಾವ ಒಬ್ಬರು ಇನ್ನೊಂದು ದಾರಿ ತೋರಿಸಿದರು. ಕರಕುಶಲ ವಸ್ತುಗಳಿಗೆ ಬೇರೆ ವಿನಾಯಿತಿ ಇದೆ, ವರ್ಷದ ವ್ಯಾಪಾರ 20 ಲಕ್ಷದ ಒಳಗಿದ್ದರೆ ನೋಂದಣಿ ಇಲ್ಲದೆಯೇ ಹೊರ ರಾಜ್ಯಕ್ಕೆ ನೇರವಾಗಿ ಮಾರಬಹುದು. ಪಾನ್ ಬೇಕು, ಮೊತ್ತ ಎಷ್ಟೇ ಸಣ್ಣದಿರಲಿ ಇ-ವೇ ಬಿಲ್, ಅಂದರೆ ಸರಕು ಕಳಿಸಲು ಆನ್‌ಲೈನಿನಲ್ಲಿ ಮಾಡುವ ಚೀಟಿ, ಬೇಕು. ಆ ಕರಕುಶಲದ ಪಟ್ಟಿಯಲ್ಲಿ ಬೀಜದ ಒಡವೆ, ಮಣಿಯ ಒಡವೆ, ಏಲಕ್ಕಿ ಹಾರ ಅಂತೆಲ್ಲ ಹೆಸರು ಹಾಕಿದ್ದಾರೆ. ಅದನ್ನು ಓದಿದ ದಿನ ನನಗೆ ಆದ ಸಂತೋಷ ದೊಡ್ಡದು. ಸರಕಾರದ ಕಾಗದದಲ್ಲಿ ನನ್ನ ಕೆಲಸಕ್ಕೆ ಒಂದು ಹೆಸರು ಇತ್ತು. ಸಣ್ಣ ಉದ್ದಿಮೆಗಳಿಗೆ ಸರಕಾರ ಮಾಡುವ ಉದ್ಯಮ್ ನೋಂದಣಿಯನ್ನೂ ಆಮೇಲೆ ಮಾಡಿಸಿದೆ, ಅದು ಪೂರ್ತಿ ಉಚಿತ, ಯಾರಾದರೂ ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ.

ಇಷ್ಟೆಲ್ಲ ಆದರೂ ನಾನು ಬೆಲೆ ಏರಿಸಿದ್ದು 80ರಿಂದ 100ಕ್ಕೆ ಅಷ್ಟೇ. 2024ರಲ್ಲಿ ಒಂದು ಮದುವೆಗೆ ಬಂದವರಿಗೆಲ್ಲ ಉಡುಗೊರೆ ಕೊಡಲು ನೂರ ಇಪ್ಪತ್ತು ಜೋಡಿ ಬೇಕು ಅಂದರು. ಒಂದು ತಿಂಗಳ ಸಮಯ. ಒಬ್ಬಳಿಂದ ಆಗುವ ಕೆಲಸ ಅಲ್ಲ. ನಮ್ಮಲ್ಲಿಗೆ ಅಡಿಕೆ ಸುಲಿಯಲು ಬರುವ ಒಬ್ಬರು ಅಜ್ಜಿ ಇದ್ದಾರೆ, ಅವರ ಮೊಮ್ಮಗಳು ಕಾಸರಗೋಡಿನಲ್ಲಿ ಡಿಗ್ರಿ ಓದುತ್ತಾಳೆ. ಚುರುಕು ಹುಡುಗಿ. ಶನಿವಾರ, ಭಾನುವಾರ ಬರುತ್ತೀಯಾ ಅಂತ ಕೇಳಿದೆ. "ಬರುತ್ತೇನೆ ಅಕ್ಕ. ಎಷ್ಟು ಕೊಡುತ್ತೀರಿ?" ಅಂದಳು.

ನಾಳೆ ಹೇಳುತ್ತೇನೆ ಅಂದೆ. ರಾತ್ರಿ ಪುಸ್ತಕ ತೆಗೆದು ಕೂತೆ. ಆವರೆಗೆ ಒಂದು ಜೋಡಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಾನು ಗಡಿಯಾರ ನೋಡಿದವಳೇ ಅಲ್ಲ. ನಡುವೆ ಅನ್ನಕ್ಕೆ ಇಡುತ್ತೇನೆ, ಬಟ್ಟೆ ಒಗೆಯುತ್ತೇನೆ, ಮಗಳಿಗೆ ಲೆಕ್ಕ ಹೇಳಿಕೊಡುತ್ತೇನೆ, ಹಾಗಾಗಿ ಅದು ಒಂದು ಕೆಲಸ ಅಂತ ನನಗೇ ಅನಿಸಿರಲಿಲ್ಲ. ಅಂದಾಜು ಹಾಕಿದೆ. ಆರಿಸುವುದು, ಕೊರೆಯುವುದು, ಕೊಯ್ಯುವುದು, ಉಜ್ಜುವುದು, ಮೇಣ, ಕೊಂಡಿ, ಪ್ಯಾಕಿಂಗ್ ಎಲ್ಲ ಸೇರಿ ಒಂದೂಮುಕ್ಕಾಲು ಗಂಟೆ. 100 ರೂಪಾಯಿಯಲ್ಲಿ ಬೆಳ್ಳಿ ಕೊಂಡಿ, ಬ್ಲೇಡು, ಉಪ್ಪುಕಾಗದ, ಡಬ್ಬಿ ಅಂತ 42 ಹೋಗುತ್ತಿತ್ತು. ಉಳಿದದ್ದು 58. ಗಂಟೆಗೆ 33 ರೂಪಾಯಿ. ಎಂಟು ಗಂಟೆ ಕೂತರೆ 264. ಒಡೆದುಹೋದ ತುಂಡುಗಳ ಹೊತ್ತು ಇದರಲ್ಲಿ ಸೇರಿಲ್ಲ. ಆ ವರ್ಷ ಕೇರಳದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 346 ರೂಪಾಯಿ ಇತ್ತು.

ಆ ಹುಡುಗಿಗೆ ಗಂಟೆಗೆ 33 ರೂಪಾಯಿ ಕೊಡುತ್ತೇನೆ ಅಂತ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಯಾರಿಗೂ ಬರಬಾರದು. ಆದರೆ ಮೂರು ವರ್ಷ ಅದನ್ನೇ ನಾನು ನನಗೆ ಕೊಟ್ಟುಕೊಂಡಿದ್ದೆ. ಆ ರಾತ್ರಿ ನನಗೆ ಅಳು ಬಂತು. ಇವರು ಎದ್ದು ಬಂದು ಎಂತಾಯಿತು ಅಂತ ಕೇಳಿದರು, ಪುಸ್ತಕ ತೋರಿಸಿದೆ. ಎರಡು ಸಲ ಓದಿ, "ಇಷ್ಟು ಹೊತ್ತು ಹಿಡಿಯುತ್ತದೆ ಅಂತ ನನಗೂ ಗೊತ್ತಿರಲಿಲ್ಲ" ಅಂದರು.

ಗಂಟೆಗೆ 60 ರೂಪಾಯಿ ಅಂತ ಬರೆದೆ, ಅವಳಿಗೂ ನನಗೂ. ಅಲ್ಲಿಂದ ಹಿಂದಕ್ಕೆ ಬೆಲೆ ಕಟ್ಟಿದೆ. ಒಂದೊಂದೇ ಜೋಡಿ ಮಾಡುವ ಬದಲು ಇಪ್ಪತ್ತು ಜೋಡಿ ಒಟ್ಟಿಗೆ ಕೊರೆದು, ಒಟ್ಟಿಗೆ ಕೊಯ್ದು, ಒಟ್ಟಿಗೆ ಉಜ್ಜಿದರೆ ಹೊತ್ತು ಒಂದೂಕಾಲು ಗಂಟೆಗೆ ಇಳಿಯುತ್ತದೆ. 75 ಕೂಲಿ, 42 ಸಾಮಾನು, ಒಡೆಯುವುದಕ್ಕೆ ಅಂತ 20, ಫೋಟೋ, ಫೋನು, ಅಂಚೆ ಕಚೇರಿಗೆ ಓಡಾಟ ಇದಕ್ಕೆಲ್ಲ 23. ಒಟ್ಟು 160. ಅಂಗಡಿಯಲ್ಲಿ ಇಡುವುದಾದರೆ ಅವರ ಪಾಲೂ ಸೇರಿ ಇನ್ನೂ ಮೇಲೆ. ಮದುವೆಯವರಿಗೆ ಫೋನು ಮಾಡಿ 100ಕ್ಕೆ ಆಗುವುದಿಲ್ಲ, 160 ಆಗುತ್ತದೆ ಅಂದೆ. ಕೈ ನಡುಗುತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಎಪ್ಪತ್ತು ಜೋಡಿ ಸಾಕು ಅಂದರು. ಐವತ್ತು ಜೋಡಿ ಕಡಿಮೆಯಾಯಿತು. ಹಳೆಯ ಗಿರಾಕಿಗಳಲ್ಲೂ ಕೆಲವರು ಹೋದರು, ಒಬ್ಬರು ಮಾತೇ ಬಿಟ್ಟರು. ಉಳಿದವರು ಉಳಿದರು, ಹೊಸಬರೂ ಬಂದರು. ಈಗ "ಗೆರಟೆ ಅಲ್ವಾ" ಅಂದವರಿಗೆ ನಾನು ಒಂದು ಕೆರೆಯದ ಗೆರಟೆ ಮತ್ತು ಒಂದು ತುಂಡು ಉಪ್ಪುಕಾಗದ ಕೊಟ್ಟು, ಸ್ವಲ್ಪ ಉಜ್ಜಿ ನೋಡಿ ಅಕ್ಕಾ ಅನ್ನುತ್ತೇನೆ. ಕೋಪದಿಂದ ಅಲ್ಲ. ಎರಡು ನಿಮಿಷ ಉಜ್ಜಿದವರು ಆಮೇಲೆ ಚೌಕಾಸಿ ಮಾಡಿದ್ದು ನಾನು ಕಾಣಲಿಲ್ಲ.

ಆ ಹುಡುಗಿ ಎರಡನೇ ವಾರಕ್ಕೇ ಚೆನ್ನಾಗಿ ಕೊಯ್ಯಲು ಕಲಿತಳು, ನನಗೆ ಮೂರು ತಿಂಗಳು ಹಿಡಿದಿತ್ತು. ಮದುವೆಯ ಕೆಲಸ ಮುಗಿದಾಗ ಉಳಿದ ಒಂದು ಒಳ್ಳೆಯ ಜೋಡಿಯನ್ನು ಅವಳ ಅಜ್ಜಿಗೆ ಕೊಡೋಣ ಅಂತ ತೆಗೆದಿಟ್ಟೆ. ಅಡಿಕೆ ಸುಲಿದು ಕೂತಿದ್ದರು, ಕೈಯಲ್ಲಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ಜಗಲಿಯ ಮೇಲೆ ಮೆಲ್ಲ ಇಟ್ಟರು. ಆಮೇಲೆ ತುಳುವಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, "ಚಂದ ಉಂಟು ಅಕ್ಕಾ. ಆದರೆ ನನಗೆ ಗೆರಟೆ ಬೇಡ. ಸಣ್ಣವಳಿರುವಾಗ ದೊಡ್ಡವರ ಅಂಗಳದಲ್ಲಿ ಗೆರಟೆಯಲ್ಲೇ ನೀರು ಹೊಯ್ಯುತ್ತಿದ್ದರು, ಚಾ ಹೊಯ್ಯುತ್ತಿದ್ದರು. ಕುಡಿದು ಬೇಲಿಯ ಆಚೆ ಬಿಸಾಡಿ ಹೋಗಬೇಕು. ಅದನ್ನು ಕಿವಿಗೆ ಹಾಕಲು ನನ್ನಿಂದ ಆಗುವುದಿಲ್ಲ."

ನನಗೆ ಮಾತು ಬರಲಿಲ್ಲ. ಗೆರಟೆಯಲ್ಲಿ ಕೊಡುತ್ತಿದ್ದರು ಅನ್ನುವುದು ನನಗೆ ಗೊತ್ತೇ ಇಲ್ಲದ ವಿಷಯವಲ್ಲ, ಈ ಕಡೆ ಬೆಳೆದವರು ಎಲ್ಲೋ ಒಂದು ಕಡೆ ಕೇಳಿಯೇ ಇರುತ್ತಾರೆ. ಆದರೆ ನಾನು ದಿನಾ ಕೈಯಲ್ಲಿ ಹಿಡಿಯುವ ಈ ಗೆರಟೆಯೂ ಆ ಗೆರಟೆಯೂ ಒಂದೇ ಅಂತ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಒಳಗೆ ಬಂದು ಅತ್ತೆಯ ಹತ್ತಿರ ಕೇಳಿದೆ, ನಮ್ಮ ಮನೆಯಲ್ಲೂ ಹಾಗೆ ಇತ್ತಾ ಅಂತ. ಅತ್ತೆ ತುಂಬ ಹೊತ್ತು ಕಾಯಿ ತುರಿಯುತ್ತಾ ಇದ್ದರು. "ಇತ್ತು" ಅಂದರು. ಅಷ್ಟೇ ಅಂದದ್ದು. ಮರುದಿನದಿಂದ ಅಜ್ಜಿಗೆ ಚಾ ಅತ್ತೆಯೇ ತಂದುಕೊಡುತ್ತಾರೆ, ನಾವು ಕುಡಿಯುವ ಸ್ಟೀಲ್ ಲೋಟದಲ್ಲಿ, ಮತ್ತು ಪಕ್ಕದಲ್ಲಿ ಕೂರುತ್ತಾರೆ. ಮೊದಲು ಲೋಟ ಜಗಲಿಯ ತುದಿಯಲ್ಲಿಟ್ಟು ಕರೆಯುತ್ತಿದ್ದರು.

ಮೊಮ್ಮಗಳ ಹತ್ತಿರ ಕೇಳಿದೆ, ನಿನಗೆ ಈ ಕೆಲಸ ಮಾಡಲು ಕಷ್ಟ ಅನಿಸುತ್ತದಾ ಅಂತ. "ಅಜ್ಜಿಗೆ ಅದು ಬಿಟ್ಟಿ ಸಿಕ್ಕಿದ್ದು ಅಕ್ಕ, ನನಗೆ ಗಂಟೆಗೆ 60" ಅಂದಳು. ಗರಗಸ ನಿಲ್ಲಿಸದೆಯೇ ಹೇಳಿದಳು. ಈಗ ಅವಳಿಗೆ 75, ಈ ವರ್ಷ ಇಬ್ಬರ ಕೂಲಿಯನ್ನೂ ಏರಿಸಿದೆವು. ಎಲೆಯ ಆಕಾರದ ಓಲೆ ಪೂರ್ತಿ ಅವಳದ್ದೇ ಕಲ್ಪನೆ, ವೀಳ್ಯದೆಲೆಯ ನರಗಳನ್ನು ಸೂಜಿಯಿಂದ ಕೊರೆಯುತ್ತಾಳೆ, ಅದು ನನ್ನ ಕೈಗೆ ಇನ್ನೂ ಬಂದಿಲ್ಲ.

ಅಜ್ಜಿಗೆ ನಾನು ಆಮೇಲೆ ಗೆರಟೆ ತೋರಿಸಲಿಲ್ಲ. ಬರೀ ಮಂಜೊಟ್ಟಿಯ ಒಂದು ಸರ ಪೋಣಿಸಿದೆ, ನೂರ ಎಂಟು ಕಾಯಿ, ನಡುನಡುವೆ ಹಿತ್ತಾಳೆಯ ಸಣ್ಣ ಮಣಿ. ಕೊಡಲು ಹೋದಾಗ ಅವರು ಕೈ ಚಾಚಲಿಲ್ಲ. "ಎಷ್ಟು ಗಂಟೆಯ ಕೆಲಸ?" ಅಂತ ಕೇಳಿದರು. ಮೊಮ್ಮಗಳಿಂದ ಕಲಿತ ಪ್ರಶ್ನೆ ಅದು. ದುಡ್ಡು ಬೇಡ ಅಜ್ಜಿ ಅಂದೆ. ಅವರು ಮತ್ತೆ ಅದನ್ನೇ ಕೇಳಿದರು. ಆರು ಗಂಟೆ ಅಂದೆ. ಮೊಮ್ಮಗಳು ಪಕ್ಕದಿಂದ ಲೆಕ್ಕ ಹೇಳಿದಳು, 75ರಂತೆ 450, ಮಣಿ ಮತ್ತು ನೂಲಿಗೆ 50. ಅಜ್ಜಿ ಸೊಂಟದ ಚೀಲ ಬಿಚ್ಚಿ ಐದು ನೂರರ ನೋಟು ಎಣಿಸಿ ನನ್ನ ಕೈಯಲ್ಲಿಟ್ಟು, ಆಮೇಲೆ ಸರ ತೆಗೆದುಕೊಂಡರು. ಕಳೆದ ಭೂತದ ನೇಮದ ದಿನ ಅದು ಅವರ ಕುತ್ತಿಗೆಯಲ್ಲಿತ್ತು.